ಬಾಣಂತಿ ಕೋಣೆಗೆ ಹನ್ನೆರಡು ಕಿಲೋ

ಪೇಂಟರ್ ಚನ್ನಯ್ಯನಿಗೆ ಸಿಟ್ಟು ಬರಿಸುವುದಕ್ಕೆ ಯಾರೂ ಹೆಚ್ಚು ಕಷ್ಟಪಡಬೇಕಾಗಿರಲಿಲ್ಲ. ಅವನ ಪಕ್ಕದಲ್ಲಿ ನಿಂತು, ಗೋಡೆಯ ಮೇಲೆ ಒಮ್ಮೆ ಕಣ್ಣಾಡಿಸಿ, "ಇಷ್ಟಕ್ಕೆಲ್ಲ ಅಷ್ಟು ಬಣ್ಣ ಎಂತಕ್ಕೆ ಮಾರಾಯ?" ಅಂದರೆ ಸಾಕಿತ್ತು. ಅವನ ಪಿತ್ತ ನೆತ್ತಿಗೇರುತ್ತಿತ್ತು.

ಎಕ್ಕಂಬಿಯ ಚನ್ನಯ್ಯ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಬ್ರಷ್ಷು ಹಿಡಿದು ತಿರುಗಿ ಆಗಲೇ ಇಪ್ಪತ್ತೆಂಟು ವರ್ಷವಾಗಿತ್ತು. ಈ ಇಪ್ಪತ್ತೆಂಟು ವರ್ಷದಲ್ಲಿ ಅವನು ಹೇಳಿದಷ್ಟು ಬಣ್ಣವನ್ನು ಒಂದೇ ಮಾತಿಗೆ ತಂದುಕೊಟ್ಟವರು ಬೆರಳೆಣಿಕೆಯಷ್ಟು ಜನ, ಅವರಲ್ಲೂ ಇಬ್ಬರು ತೀರಿಹೋಗಿದ್ದರು. ಉಳಿದವರೆಲ್ಲ ಒಬ್ಬೊಬ್ಬರು ಒಂದೊಂದು ಬಗೆ. ಶಿರಸಿಯ ಅಂಗಡಿಯವರು ಪಕ್ಕದ ಅಂಗಡಿಗೆ ಎಷ್ಟು ಹಿಡಿಯಿತೆಂದು ಕೇಳಿಕೊಂಡು ಬಂದು ಅದಕ್ಕಿಂತ ಒಂದು ಡಬ್ಬಿ ಕಡಿಮೆ ತರುವವರು. ಯಲ್ಲಾಪುರದಲ್ಲಿ ಒಬ್ಬರು ಗುಮಾಸ್ತರಂತೂ, ಹೋದ ಸಲದ ಬಣ್ಣ ಇನ್ನೂ ಗೋಡೆಯ ಮೇಲೆ ಅರ್ಧ ಉಳಿದಿದೆ, ಆದ್ದರಿಂದ ಈ ಸಲ ಅರ್ಧ ತಂದರೆ ಸಾಕು ಎಂದು ವಾದ ಹೂಡಿದ್ದರು. ಸಿದ್ದಾಪುರದ ಕಡೆಯವರ ಬಾಯಲ್ಲಿ ಯಾವಾಗಲೂ 'ಅಜಮಾಸು'. ಅಜಮಾಸು ಐದು ಕಿಲೋ, ಅಜಮಾಸು ಆರು ಕಿಲೋ. ಸಾಲದೆ ಬಂದರೆ ಎಲ್ಲರದ್ದೂ ಒಂದೇ ಪರಿಹಾರ, "ಇನ್ನು ಸ್ವಲ್ಪ ನೀರು ಹಾಕು." ಅಯ್ಯೋ, ಅದೇನು ಮಜ್ಜಿಗೆಯೇ, ನೆಂಟರು ಬಂದರೆಂದು ನೀರು ಹಾಕುವುದಕ್ಕೆ?

ಚನ್ನಯ್ಯನ ಲೆಕ್ಕವೇ ಬೇರೆ ಇತ್ತು. ಅವನು ಟೇಪು ಹಿಡಿಯುತ್ತಿರಲಿಲ್ಲ. ಕೋಣೆಯೊಳಗೆ ನಾಲ್ಕು ಸುತ್ತು ಹಾಕಿ, ಒಂದು ಚೊಂಬು ನೀರು ತರಿಸಿ, ಬೊಗಸೆಯಲ್ಲಿ ತೆಗೆದು ಗೋಡೆಗೆ ಎರಚುತ್ತಿದ್ದ. ಆಮೇಲೆ ತುಟಿ ಅಲ್ಲಾಡಿಸುತ್ತ ಎಣಿಸುತ್ತಿದ್ದ. ಸಿಮೆಂಟಿನ ಗೋಡೆಯಾದರೆ ನೀರು ಕೆಳಗಿಳಿದು ಹೋಗುತ್ತದೆ. ಮಣ್ಣಿನ ಗೋಡೆಯಾದರೆ ಹತ್ತು ಎಣಿಸುವುದರೊಳಗೆ ಕುಡಿದುಬಿಡುತ್ತದೆ. ನೀರು ಕುಡಿದ ಗೋಡೆ ಬಣ್ಣವನ್ನೂ ಕುಡಿಯುತ್ತದೆ. ಎಷ್ಟು ಬೇಗ ಕುಡಿಯುತ್ತದೋ ಅಷ್ಟು ಹೆಚ್ಚು ಬಣ್ಣ ಬೇಕು. ಇದರಲ್ಲಿ ತಿಳಿಯದೆ ಇರುವಂಥದ್ದು ಏನಿದೆ? ಆದರೆ ಗೋಡೆ ಕೇಳಿಸಿಕೊಂಡಷ್ಟು ಮಾತನ್ನು ಮನೆಯವರು ಕೇಳಿಸಿಕೊಳ್ಳುತ್ತಿರಲಿಲ್ಲ. ಅವನ ಹೆಂಡತಿ ಅನ್ನಪೂರ್ಣವ್ವ ಇದಕ್ಕೆ ಒಂದು ಉಪಾಯವನ್ನೂ ಹೇಳಿದ್ದಳು, "ನೀವು ಗೋಡಿ ಕೂಡ ಅಷ್ಟ ಮಾತಾಡ್ರಿ. ಮಂದಿ ಕೂಡ ಬ್ಯಾಡ್ರಿ. ಬಿ.ಪಿ. ಬರತೈತಿ."

ಅದು ತೊಂಬತ್ತೆಂಟನೆಯ ಇಸವಿಯ ಮಾರ್ಚ್ ತಿಂಗಳು. ಸಿದ್ದಾಪುರ ತಾಲೂಕು ಮನ್ಮನೆಯ ಕಮಲಾಕರ ಮಾಸ್ತರರ ಮನೆಯಿಂದ ಚನ್ನಯ್ಯನಿಗೆ ಕರೆ ಬಂತು. ಒಂದೇ ಒಂದು ಕೋಣೆ. ಮಾಸ್ತರರ ಮಗಳು ಶ್ರೀವಾಣಿಯನ್ನು ಯಲ್ಲಾಪುರಕ್ಕೆ ಕೊಟ್ಟಿದ್ದರು. ಅವಳಿಗೆ ಚೊಚ್ಚಲ ಹೆರಿಗೆ. ಮುಂದಿನ ಗುರುವಾರ ತವರಿಗೆ ಕರೆತರುವುದೆಂದು ದಿನ ಗೊತ್ತಾಗಿತ್ತು. ಅಷ್ಟರೊಳಗೆ ಬಾಣಂತಿ ಕೋಣೆ ತಯಾರಾಗಬೇಕಿತ್ತು.

ಶನಿವಾರ ಬೆಳಿಗ್ಗೆ ಚನ್ನಯ್ಯ ಸೈಕಲ್ ಒರಗಿಸಿ ಒಳಗೆ ಬರುವಷ್ಟರಲ್ಲಿ ಮಾಸ್ತರರು ಶಾಲೆಗೆ ಹೊರಟಾಗಿತ್ತು. ಹತ್ತನೆಯ ತರಗತಿಯ ಪರೀಕ್ಷೆಯ ಸಮಯ. ಕೋಣೆ ತೋರಿಸಿದವರು ಅವರ ಹೆಂಡತಿ ಸೀತಮ್ಮ. ನಡುಮನೆಯ ಎಡಕ್ಕೆ, ಬಚ್ಚಲಿಗೆ ಹತ್ತಿರವಾದ ಕೋಣೆ. ಹದಿನಾಲ್ಕು ಅಡಿ ಉದ್ದ, ಹನ್ನೆರಡು ಅಗಲ. ಮಣ್ಣಿನ ಗೋಡೆ, ಮೇಲೆ ಹಳೆಯ ಸುಣ್ಣ. ಚನ್ನಯ್ಯನ ಕಣ್ಣು ಮೊದಲು ಹೋದದ್ದು ಎಡಗಡೆಯ ಗೋಡೆಗೆ. ಅಲ್ಲಿ ಮಂಚದ ಪಕ್ಕಕ್ಕೆ, ನೆಲದಿಂದ ನಾಲ್ಕು ಅಡಿ ಎತ್ತರದವರೆಗೆ, ಏಳು ಅಡಿ ಉದ್ದಕ್ಕೆ ಗೋಡೆ ಕಪ್ಪಗೆ ಮಿರುಗುತ್ತಿತ್ತು. ಈ ಕಡೆ ಮನೆಗಳಲ್ಲಿ ಕೆಲಸ ಮಾಡಿದವನಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಬಾಣಂತಿಯರು ಮೈಗೆ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಒರಗಿ ಕೂರುವ ಜಾಗ. ಮನೆಯ ಹೆಣ್ಣುಮಕ್ಕಳು, ಸೊಸೆಯರು, ಅವರ ಅತ್ತೆಯರು, ಎಲ್ಲರ ಬೆನ್ನಿನ ಎಣ್ಣೆ ಆ ಗೋಡೆಯೊಳಗಿತ್ತು. ಎಲ್ಲ ಮನೆಯಲ್ಲೂ ಹಾಗೆಯೇ ಇರುತ್ತದೆ, ಅದಕ್ಕೆ ಯಾರೂ ಬಣ್ಣ ಹಚ್ಚಿಸುವುದಿಲ್ಲ. ಹೇಗೂ ಮತ್ತೆ ಎಣ್ಣೆಯಾಗುತ್ತದೆ ಎಂದು ಅಷ್ಟು ಜಾಗ ಬಿಟ್ಟು ಉಳಿದದ್ದನ್ನು ಹೊಡೆಸುತ್ತಾರೆ. ಚನ್ನಯ್ಯನೂ ಎಷ್ಟೋ ಮನೆಗಳಲ್ಲಿ ಹಾಗೆಯೇ ಬಿಟ್ಟಿದ್ದ.

"ಇದನ್ನ ಬಿಟ್ಟು ಉಳದದ್ದು ಹೊಡೀಬೇಕಲ್ರಿ, ಅಮ್ಮಾರ?" ಎಂದ.

"ಇಲ್ಲ ಚನ್ನಯ್ಯ," ಸೀತಮ್ಮ ಅಂದರು. "ನಾಲ್ಕೂ ಗೋಡೆ ಆಗ್ಬೇಕು. ನೆಲದ ತನಕ. ಒಂದು ಚೂರೂ ಬಿಡೂದಿಲ್ಲ. ಇದು ಎಷ್ಟು ಕಷ್ಟ ಆದ್ರೂ ಮೊದಲು ಆಗ್ಬೇಕು. ಮಗಳು ಬಂದಾಗ ಈ ಕಪ್ಪು ಅವಳ ಕಣ್ಣಿಗೆ ಬೀಳಬಾರದು. ಆಗ್ತದಾ ಇಲ್ವಾ ಹೇಳಿಬಿಡಿ."

ಎಣ್ಣೆ ಕುಡಿದ ಗೋಡೆಗೆ ಡಿಸ್ಟೆಂಪರ್ ಹತ್ತುವುದಿಲ್ಲ. ಹಚ್ಚಿದರೂ ನಾಲ್ಕು ದಿನದಲ್ಲಿ ಮತ್ತೆ ಕಪ್ಪು ಮೇಲೆ ಬರುತ್ತದೆ. ಮಣ್ಣಿನ ತನಕ ಕೆರೆದು ತೆಗೆದು, ಹೊಸದಾಗಿ ಗಾರೆ ಮೆತ್ತಿ ಗಿಲಾಯಿ ಮಾಡಿ, ಒಣಗಿಸಿ, ಉಜ್ಜಿ, ಆಮೇಲೆ ಬಣ್ಣ. ಎರಡು ದಿನದ ಹೆಚ್ಚಿನ ಕೆಲಸ. ಬೇರೆಯವರಾಗಿದ್ದರೆ ಚನ್ನಯ್ಯ 'ಆಗಂಗಿಲ್ರಿ' ಎಂದುಬಿಡುತ್ತಿದ್ದ. ಆದರೆ ಸೀತಮ್ಮ ಕೇಳಿದ ರೀತಿ ಬೇರೆಯಾಗಿತ್ತು. ಅವರು ಅವನ ಮುಖ ನೋಡುತ್ತ ಉತ್ತರಕ್ಕೆ ಕಾದು ನಿಂತಿದ್ದರು.

"ಮಾಡಿ ಕೊಡ್ತೇನ್ರಿ," ಎಂದ. "ಗುರುವಾರದ ಒಳಗ ನಾಕೂ ಗೋಡಿ. ನನ್ನ ಮಾತು."

ಆಮೇಲೆ ಚೊಂಬು ತರಿಸಿ ನೀರೆರಚಿ ಎಣಿಸಿದ. ಏಳರೊಳಗೆ ಗೋಡೆ ಒಣಗಿತು. ಮಹಾ ಬಾಯಾರಿದ ಗೋಡೆ. "ಹನ್ನೆರಡು ಕಿಲೋ ಬೇಕ್ರಿ. ಬಿಳೇದು. ಬಣ್ಣದ ಬಾಟ್ಲಿ ನನ್ನ ಕಡೆ ಅದಾವ. ನೆನಪಿರಲಿ, ಎಲ್ಲಾನೂ ಒಮ್ಮೆಗೇ ಕಲಸಬೇಕು. ಕಡಿಮಿ ಬಿದ್ದು ಆಮ್ಯಾಲೆ ಕಲಸಿದ್ರ ಅದೇ ಬಣ್ಣ ಹುಟ್ಟಂಗಿಲ್ಲ."

ಅದು ನಿಜವೂ ಆಗಿತ್ತು. ಬೇಕಾದ ಬಣ್ಣವನ್ನು ಯಂತ್ರವೇ ಕಲಸಿಕೊಡುವ ಕಾಲ ಇನ್ನೂ ಬಂದಿರಲಿಲ್ಲ. ಬಿಳಿ ಡಿಸ್ಟೆಂಪರಿಗೆ ಸ್ಟೇನರ್ ಬಾಟಲಿಯಿಂದ ಹನಿ ಹನಿ ಹಾಕಿ, ಕೋಲಿನಿಂದ ತಿರುವಿ, ರಟ್ಟಿನ ಮೇಲೆ ಹಚ್ಚಿ ಒಣಗಿಸಿ ನೋಡಿ, ಕಣ್ಣಳತೆಯಲ್ಲಿ ಬಣ್ಣ ತರಬೇಕಿತ್ತು. ಶ್ರೀವಾಣಿ ಇನ್‌ಲ್ಯಾಂಡ್ ಪತ್ರದಲ್ಲಿ ಬರೆದಿದ್ದಳು, ತಿಳಿ ಹಳದಿ ಇರಲಿ, ಕಣ್ಣಿಗೆ ಹೊಡೆಯಬಾರದು ಎಂದು. ಹೊಡೆಯದ ಹಳದಿ ಮಾಡುವುದು ಎಷ್ಟು ಕಷ್ಟ ಎಂಬುದು ಚನ್ನಯ್ಯನಿಗೆ ಮಾತ್ರ ಗೊತ್ತಿತ್ತು.

ಹನ್ನೆರಡು ಕಿಲೋ ಎಂದು ಸೀತಮ್ಮ ಶಾಲೆಗೆ ಚೀಟಿ ಕಳಿಸಿದರು. ಸಂಜೆ ಮಾಸ್ತರರು ಬಂದರು. ಇಪ್ಪತ್ತಾರು ವರ್ಷದಿಂದ ಗಣಿತ ಕಲಿಸುತ್ತಿದ್ದವರು. ಕೈಯಲ್ಲಿ ಮೂರು ಡಬ್ಬಿ. ಐದು ಕಿಲೋದ್ದು ಒಂದು, ಎರಡರದ್ದು ಒಂದು, ಒಂದರದ್ದು ಒಂದು.

ಚನ್ನಯ್ಯ ಡಬ್ಬಿಗಳನ್ನು ನೋಡಿದ. ಬಾಗಿಲಾಚೆಗೆ ನೋಡಿದ, ಇನ್ನೇನಾದರೂ ಬರುವುದಿದೆಯೇ ಎಂದು. ಏನೂ ಇರಲಿಲ್ಲ.

"ಉಳದದ್ದು ನಾಳೆ ಬರತೈತೇನ್ರಿ, ಮಾಸ್ತರ್ರ?"

"ಎಂತ ಉಳಿದದ್ದು? ಎಂಟು ಕಿಲೋ. ಅಷ್ಟೇ ಬೇಕಾಗುವುದು. ಲೆಕ್ಕ ಮಾಡಿಯೇ ತಂದದ್ದು." ಮಾಸ್ತರರು ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಿನಲ್ಲಿ ಮುತ್ತಿನಂಥ ಅಕ್ಷರ. "ನೋಡು. ಡಬ್ಬಿಯ ಮೇಲೆಯೇ ಬರೆದಿದೆ, ಒಂದು ಕಿಲೋಗೆ ನೂರು ಚದರ ಅಡಿ. ಕಳೆಯುವುದನ್ನೆಲ್ಲ ಕಳೆದು, ಎರಡು ಕೈ ಬಳಿಯುವುದಕ್ಕೆ ಗುಣಿಸಿದರೆ ಏಳು ಪಾಯಿಂಟ್ ನಾಲ್ಕು ಎರಡು. ನಾನು ಎಂಟು ತಂದಿದ್ದೇನೆ. ಅರ್ಧ ಕಿಲೋ ಉಳಿಯುತ್ತದೆ."

"ಮಾಸ್ತರ್ರ, ಡಬ್ಬಿ ಮ್ಯಾಲೆ ಬರದಾಂವ ಈ ಗೋಡಿ ನೋಡ್ಯಾನೇನ್ರಿ? ಇದು ಕುಡಿಯೂ ಗೋಡಿ. ಮೊದಲನೇ ಕೈಗೇ ಏಳು ಕಿಲೋ ನುಂಗತೈತಿ."

"ಗೋಡೆ ಕುಡಿಯುತ್ತದೆ ಎಂಬುದು ಲೆಕ್ಕವಲ್ಲ, ಚನ್ನಯ್ಯ. ಚದರ ಅಡಿ ಎಂಬುದು ಲೆಕ್ಕ. ಹದಿನಾಲ್ಕು ಹನ್ನೆರಡಲೆ ಎಷ್ಟು ಅಂತ ಗೊತ್ತುಂಟಾ ನಿನಗೆ?"

ಚನ್ನಯ್ಯನಿಗೆ ಮೈಯೆಲ್ಲ ಉರಿಯಿತು. ಅಲ್ಲ, ಗೋಡೆಯ ಬಣ್ಣಕ್ಕೂ ಹದಿನಾಲ್ಕು ಹನ್ನೆರಡಲೆಗೂ ಏನು ಸಂಬಂಧ? ಅದು ನೆಲದ ಲೆಕ್ಕ. ಇವರೇ ಮಕ್ಕಳಿಗೆ ಕಲಿಸುವವರು! ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ. ಗುರುವಾರಕ್ಕೆ ಮಾತು ಕೊಟ್ಟಾಗಿತ್ತು. ಜಗಳ ಮಾಡಿ ಸೈಕಲ್ ಹತ್ತಿದರೆ ಹೋಗುವುದು ಮಾಸ್ತರರ ಮರ್ಯಾದೆಯಲ್ಲ, ಸೀತಮ್ಮನಿಗೆ ಕೊಟ್ಟ ಮಾತು.

ಭಾನುವಾರ ಇಡೀ ದಿನ ಅವನು ಎಣ್ಣೆ ಗೋಡೆ ಕೆರೆದ. ಕೆರೆದಷ್ಟೂ ಕಪ್ಪು. ಅರ್ಧ ಅಂಗುಲ ಒಳಗೆ ಹೋದರೂ ಎಣ್ಣೆಯ ವಾಸನೆ. ಎಷ್ಟು ಹರಳೆಣ್ಣೆ, ಎಷ್ಟು ತೆಂಗಿನೆಣ್ಣೆ, ಎಷ್ಟು ಅರಿಶಿನ ಸೇರಿ ಆ ಗೋಡೆಯಾಗಿತ್ತೋ! ಸಂಜೆ ಹೊಸ ಗಿಲಾಯಿ ಮಾಡಿ ಕೈ ತೊಳೆದಾಗ ಅಂಗೈಯೆಲ್ಲ ಬೊಬ್ಬೆ. ಮಾಸ್ತರರು ಒಮ್ಮೆ ಇಣುಕಿ ನೋಡಿ ಹೋದರು. ಏನೋ ಸ್ವಚ್ಛ ಮಾಡುತ್ತಿದ್ದಾನೆ ಎಂದುಕೊಂಡರೇ ಹೊರತು ಕೇಳಲಿಲ್ಲ. ಸೀತಮ್ಮ ಮಾತ್ರ ದಿನಕ್ಕೆ ನಾಲ್ಕು ಸಲ ಬಂದು ನಿಲ್ಲುತ್ತಿದ್ದರು. ಬೆಲ್ಲ ನೀರು ಕೊಟ್ಟು, ಗೋಡೆ ನೋಡಿ, ಹೋಗುತ್ತಿದ್ದರು.

ಸೋಮವಾರ ಬಿಸಿಲಿಗೆ ಕಿಟಕಿ ತೆರೆದಿಟ್ಟು ಗೋಡೆ ಒಣಗಿಸಿದ. ಮಧ್ಯಾಹ್ನದ ಹೊತ್ತಿಗೆ ಎಂಟು ಕಿಲೋವನ್ನೂ ಒಂದೇ ಡ್ರಮ್ಮಿಗೆ ಸುರಿದು ಬಣ್ಣ ಕಲಸಿದ. ಹಳದಿ ಬಾಟಲಿಯಿಂದ ಇಷ್ಟು, ಕೆಂಪಿನಿಂದ ಎರಡೇ ಹನಿ. ರಟ್ಟಿಗೆ ಹಚ್ಚಿದ್ದನ್ನು ಸೀತಮ್ಮನಿಗೆ ತೋರಿಸಿದ. ಅವರ ಮುಖ ಅರಳಿತು. ಚನ್ನಯ್ಯ ಬ್ರಷ್ಷು ಹಿಡಿದ.

ಗೋಡೆ ಕುಡಿಯಿತು. ಅವನು ಹೇಳಿದ ಹಾಗೆಯೇ ಕುಡಿಯಿತು. ಬ್ರಷ್ಷು ಇಟ್ಟು ತೆಗೆಯುವುದರೊಳಗೆ ಹಸಿ ಇಲ್ಲ. ನಾಲ್ಕೂ ಗೋಡೆಗೆ ಮೊದಲನೆಯ ಕೈ ಮುಗಿಯುವ ಹೊತ್ತಿಗೆ ಡ್ರಮ್ಮಿನ ತಳದಲ್ಲಿ ಒಂದು ಕಿಲೋ ಉಳಿದಿತ್ತು, ಗೋಡೆಗಳ ಮೇಲೆ ಎಲ್ಲೆಲ್ಲೂ ಮಚ್ಚೆ ಮಚ್ಚೆಯಾಗಿ ಹಳೆಯ ಸುಣ್ಣ ಕಾಣುತ್ತಿತ್ತು.

ಅಷ್ಟರಲ್ಲಿ ಮಾಸ್ತರರು ಛತ್ರಿ ಮಡಿಸುತ್ತ ಒಳಗೆ ಬಂದರು. ಡ್ರಮ್ಮಿಗೆ ಬಗ್ಗಿ ನೋಡಿದರು. ಗೋಡೆ ನೋಡಿದರು. ಎಡಗಡೆಯ ಗೋಡೆ ನೋಡಿ ಅವರ ಹುಬ್ಬು ಗಂಟಿಕ್ಕಿತು.

"ಇದಕ್ಕೂ ಹಚ್ಚಿದ್ಯಾ? ಅದಕ್ಕೇ ಸಾಲದೇ ಬಂದದ್ದು! ಈ ಗೋಡೆ ಲೆಕ್ಕದಲ್ಲೇ ಇಲ್ಲ, ಮಾರಾಯ. ಬಾಣಂತಿ ಎಣ್ಣೆ ಗೋಡೆಗೆ ಯಾರಾದರೂ ಬಣ್ಣ ಹಚ್ಚುತ್ತಾರಾ? ಇಪ್ಪತ್ತೆಂಟು ಚದರ ಅಡಿ, ನಾನು ಕಳೆದೇ ಲೆಕ್ಕ ಹಾಕಿದ್ದು. ನಿನಗೆ ಯಾರು ಹೇಳಿದ್ರು?"

"ಇಪ್ಪತ್ತೆಂಟು ಅಡಿಗೆ ನಾಕು ಕಿಲೋ ಹೋಗತೈತೇನ್ರಿ?" ಚನ್ನಯ್ಯನ ದನಿ ಏರಿತು. "ಲೆಕ್ಕದ ಮಾಸ್ತರ್ರು ನೀವ ಹೇಳ್ರಿ!"

ಮಾಸ್ತರರು ಬಾಯಿ ತೆರೆದರು. ಆದರೆ ಮಾತಾಡಿದ್ದು ಅವರಲ್ಲ.

"ಆನು ಹೇಳಿದ್ದೆ," ಗಂಡನಿಗೆ ಮನೆಮಾತಿನಲ್ಲಿ ಅಂದರು ಸೀತಮ್ಮ. ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಸೌಟು ಹಾಗೇ ಇತ್ತು. "ಲೆಕ್ಕದ ಕಾಗ್ದ ಎಲ್ಲಿದ್ದು? ಕೊಡಿ ಇಲ್ಲಿ."

"ಅದೆಂತಕ್ಕೆ ನಿಂಗೆ?"

"ಕೊಡಿ ಅಂದೆ."

ಮಾಸ್ತರರು ಜೇಬಿನಿಂದ ತೆಗೆದು ಕೊಟ್ಟರು. ಸೀತಮ್ಮ ಬೆಳಕಿಗೆ ಹಿಡಿದು ಒಂದೊಂದೇ ಸಾಲು ಗಟ್ಟಿಯಾಗಿ ಓದಿದರು. "ಬಾಗಿಲು ಒಂದು, ಕಳೆಯುವುದು. ಕಿಟಕಿ ಎರಡು, ಕಳೆಯುವುದು. ಕಪಾಟಿನ ಹಿಂದೆ, ಕಾಣುವುದಿಲ್ಲ, ಕಳೆಯುವುದು. ಬಾಣಂತಿ ಗೋಡೆ, ಅಗತ್ಯವಿಲ್ಲ, ಕಳೆಯುವುದು." ಅಲ್ಲಿಗೆ ನಿಲ್ಲಿಸಿದರು. "ಅಗತ್ಯವಿಲ್ಲ ಹೇಳಿ ಬರದ್ರಲ್ಲ ನಿಂಗ?"

"ಹೇಂಗೂ ಮತ್ತೆ ಎಣ್ಣೆ ಆಗ್ತು ಅಲ್ದ? ಎಲ್ಲರ ಮನೇಲೂ..."

"ಆನು ಎರಡು ಸಲ ಈ ಗೋಡೆ ಬುಡಕ್ಕೆ ಬಾಣಂತನ ಮಾಡಿದ್ದೆ. ಶ್ರೀವಾಣಿ ಹುಟ್ಟಿದ್ದು ಎನ್ನ ತವರಲ್ಲಿ. ಮಗ ಹುಟ್ಟಿದ್ದು ಇಲ್ಲಿ. ಅವಂಗಿಂತ ಮೊದಲಿನ ಕೂಸೂ ಇಲ್ಲೇ ಹುಟ್ಟಿದ್ದು. ಹನ್ನೊಂದು ದಿನ ಇತ್ತು. ಕೂಸು ಹೋದ್ಮೇಲೂ ಎಂಗೆ ಎಣ್ಣೆ ಹಚ್ಚಿ ಮೀಸಿ ಇಲ್ಲೇ ಮಲಗ್ಸಿದ್ರು. ನಿಂಗ ಗಂಡಸರು ಯಾರೂ ಒಳಗೆ ಬಪ್ಪಲೆ ಇತ್ತಿಲ್ಲೆ. ತಿಂಗಳ ಮೇಲೆ ಆನು ಈ ಕರಿ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಬೇರೆ ಎಂತ ಇತ್ತು ನೋಡಲೆ?" ಅವರ ದನಿ ಏರಲಿಲ್ಲ. ಸೌಟಿನಿಂದ ಆ ಗೋಡೆ ತೋರಿಸಿದರು. "ಎನ್ನ ಮಗಳು ಇದನ್ನ ನೋಡ್ತಾ ಮಲಗೂದು ಬ್ಯಾಡ. ಇದೊಂದು ಎಂಗೆ ಬೇಕು."

ಚನ್ನಯ್ಯನಿಗೆ ಅವರ ಮನೆಮಾತು ಪೂರ್ತಿ ಬರುತ್ತಿರಲಿಲ್ಲ. ಬೇಕಾದಷ್ಟು ಅರ್ಥವಾಯಿತು. ಅವನಿಗೆ ಅಲ್ಲಿ ನಿಂತಿರುವುದೇ ಸಂಕಟವಾಯಿತು. ಎಷ್ಟು ಮನೆಗಳಲ್ಲಿ ತಾನು ಆ ಏಳು ಅಡಿಯನ್ನು ಬಿಟ್ಟು ಬ್ರಷ್ಷು ತೊಳೆದು ಎದ್ದು ಬಂದಿರಲಿಲ್ಲ? ಥೂ, ಒಂದು ದಿನವಾದರೂ ಕೇಳಿದ್ದೆನೇ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಮಾಸ್ತರರು ಕಾಗದವನ್ನು ಹಿಂದಕ್ಕೆ ಇಸಿದುಕೊಂಡು ಮಡಿಸಿದರು. ಆಮೇಲೆ, "ನಾಳೆ ಮಧ್ಯಾಹ್ನ ರಜೆ ಹಾಕಿ ಸಿದ್ದಾಪುರಕ್ಕೆ ಹೋಗ್ತೆ," ಎಂದು ಹೊರಗೆ ನಡೆದರು.

"ನಾಕು ಕಿಲೋ, ಮಾಸ್ತರ್ರ!" ಚನ್ನಯ್ಯ ಬೆನ್ನಿಗೆ ಕೂಗಿದ. "ನಾಕು!"

ಮಂಗಳವಾರ ಸಂಜೆ ಐದೂವರೆಯ ಬಸ್ಸಿಗೆ ಮಾಸ್ತರರು ಬಂದಿಳಿದರು. ಚನ್ನಯ್ಯ ರಸ್ತೆಯ ತನಕ ಹೋಗಿ ಚೀಲ ಇಸಿದುಕೊಂಡ. ಚೀಲ ಹಗುರವಾಗಿತ್ತು. ಇಪ್ಪತ್ತೆಂಟು ವರ್ಷ ಡಬ್ಬಿ ಎತ್ತಿದ ಕೈಗೆ ತೂಕ ತಿಳಿಯದೇ? ಬಾಯಿ ಬಿಚ್ಚಿ ನೋಡಿದ. ಎರಡರದ್ದು ಒಂದು, ಒಂದರದ್ದು ಒಂದು.

"ಮೂರ ಕಿಲೋ ಅದಾವಲ್ರಿ!"

"ಹೌದು. ಬಸ್ಸಿನಲ್ಲಿ ಹೋಗುವಾಗ ಮತ್ತೆ ಲೆಕ್ಕ ಹಾಕಿದೆ," ಮಾಸ್ತರರು ಅಂದರು. "ಮೊದಲ ಕೈ ಆಯಿತಲ್ಲ, ಈಗ ಗೋಡೆ ಅಷ್ಟು ಕುಡಿಯುವುದಿಲ್ಲ. ಉಳಿದ ಒಂದು, ಈ ಮೂರು. ಸಾಕಾಗ್ತದೆ. ಈ ಸಲ ಯಾವ ಗೋಡೆಯನ್ನೂ ಕಳೆದಿಲ್ಲ."

ಚನ್ನಯ್ಯ ಚೀಲವನ್ನು ಅಲ್ಲೇ ರಸ್ತೆಯ ಮೇಲೆ ಇಟ್ಟುಬಿಟ್ಟ. ಇಷ್ಟು ವರ್ಷ ನುಂಗಿದ್ದೆಲ್ಲ ಒಮ್ಮೆಗೇ ಬಾಯಿಗೆ ಬಂತು.

"ಮಾಸ್ತರ್ರ, ನಿಮಗ ಕೈ ಮುಗೀತೇನಿ. ಅಂವ ಡಾಕ್ಟರ್ ಎರಡು ಗುಳಿಗಿ ಬರದ್ರ ನೀವು ಬಸ್ಸಿನ್ಯಾಗ ಕುಂತು ಲೆಕ್ಕ ಹಾಕಿ ಒಂದೂವರಿ ನುಂಗ್ತೀರೇನು? ನಾ ನಾಕು ಅಂದ್ರ ನಾಕು! ಹೊಸಾ ಗಿಲಾಯಿ ಮಾಡಿದ ಗೋಡಿಗೆ ಮೂರು ಕೈ ಬೇಕು, ಅದು ನಿಮ್ಮ ಕಾಗದದಾಗ ಐತೇನು? ನಿಮ್ಮ ಹುಡುಗರು ಪರೀಕ್ಷಾದಾಗ ಹಿಂಗ ಲೆಕ್ಕ ಮಾಡಿದ್ರ ನೀವು ಎಷ್ಟು ಮಾರ್ಕ್ಸ್ ಕೊಡ್ತೀರಿ?"

ಕಂಡಕ್ಟರ್ ಸಹಿತ ಬಸ್ಸಿನ ಕಿಟಕಿಯಿಂದ ಇಣುಕಿದ. ಮಾಸ್ತರರ ಮುಖ ಕೆಂಪಾಯಿತು. ಮತ್ತೆ ಹೋಗಿ ತರುವುದಕ್ಕೆ ಆ ದಿನ ಇನ್ನು ಬಸ್ಸಿರಲಿಲ್ಲ. ಬುಧವಾರ ಬೆಳಿಗ್ಗೆಯೇ ಬಣ್ಣ ಹೊಡೆಯದಿದ್ದರೆ ಗುರುವಾರಕ್ಕೆ ವಾಸನೆ ಹೋಗುತ್ತಿರಲಿಲ್ಲ.

ಬುಧವಾರ ಮೂರಕ್ಕೆ ಒಂದು ಸೇರಿಸಿ ಮತ್ತೆ ಬಣ್ಣ ಕಲಸುವುದರಲ್ಲೇ ಚನ್ನಯ್ಯನಿಗೆ ಒಂದು ತಾಸು ಹೋಯಿತು. ಮೊದಲಿನ ಬಣ್ಣ ಹುಟ್ಟಲೇ ಇಲ್ಲ. ಕೂದಲೆಳೆಯಷ್ಟು ಕೆಂಪು ಹೆಚ್ಚು. ಇರಲಿ, ಎಲ್ಲ ಗೋಡೆಗೂ ಎರಡನೆಯ ಕೈ ಇದರಲ್ಲೇ ಆಗುವುದರಿಂದ ಕಾಣುವುದಿಲ್ಲ. ಆದರೆ ಎಲ್ಲ ಗೋಡೆಗೂ ಆಗುವುದಿಲ್ಲವಲ್ಲ! ಎಲ್ಲೋ ಒಂದು ಕಡೆ ಅರವತ್ತು ಅಡಿ ಕಡಿಮೆ ಬೀಳುವುದು ಅವನಿಗೆ ಗೊತ್ತಿತ್ತು. ಈ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಬಣ್ಣ ಸಾಲದು ಎಂದು ಗೊತ್ತಾದರೆ ಬಾಗಿಲಿಗೆ ಎದುರಾದ ಗೋಡೆಯಿಂದ ಶುರು ಮಾಡಬೇಕು. ಬಂದವರ ಕಣ್ಣು ಬೀಳುವುದು ಅಲ್ಲಿಗೆ. ಕೊರತೆಯನ್ನು ಮೂಲೆಗೆ, ಮಂಚದ ಕಡೆಗೆ ತಳ್ಳಬೇಕು. ಚನ್ನಯ್ಯ ಅಭ್ಯಾಸದಿಂದ ಎದುರು ಗೋಡೆಯ ಬುಡಕ್ಕೆ ಏಣಿ ಇಟ್ಟಾಗಿತ್ತು.

ಒಂದು ಮೆಟ್ಟಿಲು ಹತ್ತಿದವನು ಹಾಗೇ ನಿಂತ. ಇಳಿದು ಏಣಿಯನ್ನು ಎತ್ತಿ ಎಡಗೋಡೆಗೆ ತಂದು ಒರಗಿಸಿದ.

"ಅಮ್ಮಾರ," ಎಂದ ಬಾಗಿಲಲ್ಲಿದ್ದ ಸೀತಮ್ಮನಿಗೆ, "ಇದನ್ನ ಮೊದಲು ಮುಗಸ್ತೇನ್ರಿ. ಮೂರು ಕೈ ಹೊಡೀತೇನಿ. ಕಡಿಮಿ ಬಿದ್ರ ಎದುರಿನ ಗೋಡಿಗೆ ಬೀಳತೈತಿ, ಬಂದವರಿಗೆಲ್ಲ ಕಾಣತೈತಿ. ನಾಕೂ ಗೋಡಿ ಅಂತ ನಿಮಗ ಮಾತು ಕೊಟ್ಟಿದ್ದೆ. ಆಗಲಿಲ್ಲ."

"ಬಂದವರಿಗೆ ಕಂಡ್ರೆ ಕಾಣ್ಲಿ, ಚನ್ನಯ್ಯ. ಅವರೆಂತ ಇಲ್ಲಿ ಮಲಗ್ತಾರಾ?" ಅಂದರು ಸೀತಮ್ಮ.

ಎಡಗೋಡೆ ಮೂರು ಕೈಗೆ ಬೆಳಗಿತು. ಕಪ್ಪಿದ್ದ ಜಾಗ ಯಾವುದೆಂದು ಅವನಿಗೇ ಹುಡುಕಬೇಕಾಯಿತು. ಉಳಿದ ಎರಡು ಗೋಡೆ ಆದವು. ಎದುರು ಗೋಡೆಯ ಬಲ ಅರ್ಧಕ್ಕೆ ಬಂದಾಗ ಡ್ರಮ್ಮಿನ ತಳ ಕಂಡಿತು. ಬ್ರಷ್ಷಿನಿಂದ ತಳ ಬಳಿದ, ಡಬ್ಬಿಯ ಅಂಚು ಕೆರೆದ. ಎಂಟು ಅಡಿ ಎತ್ತರ, ಏಳೂವರೆ ಅಡಿ ಅಗಲದ ಒಂದು ಚೌಕ ಮಚ್ಚೆ ಮಚ್ಚೆಯಾಗಿ ಹಾಗೇ ಉಳಿಯಿತು. ಅಷ್ಟು ದೊಡ್ಡ ಕೊರತೆಯನ್ನು ತನ್ನ ಹೆಸರಿನಲ್ಲಿ ಬಿಟ್ಟು ಸೈಕಲ್ ಹತ್ತುವಾಗ ಚನ್ನಯ್ಯನಿಗೆ ಅಳು ಬರುವುದೊಂದೇ ಬಾಕಿ. ಮುಂದಿನ ವಾರ ಮಾಸ್ತರರು ತಾವಾಗಿಯೇ ಇನ್ನೊಂದು ಡಬ್ಬಿ ತಂದರಂತೆ. ಅಷ್ಟರಲ್ಲಿ ಮಗಳು ಕೋಣೆಯಲ್ಲಿದ್ದಳು, ಬಸುರಿಯ ಮುಂದೆ ಬಣ್ಣದ ವಾಸನೆ ಬೇಡ ಎಂದು ಸೀತಮ್ಮ ಅದನ್ನು ಅಟ್ಟಕ್ಕೆ ಹಾಕಿದರಂತೆ.

ಒಂದು ತಿಂಗಳು ಕಳೆಯುವುದರೊಳಗೆ ಚನ್ನಯ್ಯನ ಕಿವಿಗೆ ಮಾತು ಬೀಳತೊಡಗಿತು. ಸಿದ್ದಾಪುರದ ಬಣ್ಣದ ಅಂಗಡಿಯಲ್ಲೇ ಒಬ್ಬರು ಕೇಳಿದರು, "ಎಂತದಾ ಚನ್ನಯ್ಯ, ಮನ್ಮನೆ ಮಾಸ್ತರರ ಮನೆಯಲ್ಲಿ ಅಂದಾಜು ತಪ್ಪಿ ಗೋಡೆ ಅರ್ಧಕ್ಕೆ ಬಿಟ್ಟು ಹೋದ್ಯಂತೆ?" ಇನ್ನೊಬ್ಬರು ಕೊಟ್ಟಿದ್ದ ಕೆಲಸವನ್ನೇ ಬೇರೆಯವನಿಗೆ ಕೊಟ್ಟರು. ಚನ್ನಯ್ಯ ಹಣೆ ಚಚ್ಚಿಕೊಂಡ. ಲೆಕ್ಕದಲ್ಲಿ ಕಳೆದವರು ಅವರು, ಕೆಟ್ಟ ಹೆಸರು ನನಗೆ! ಹೀಗಿರುವಾಗ ಮಾಸ್ತರರ ಮನೆಯಿಂದ ಹೇಳಿಕೆ ಬಂತು. ಶ್ರೀವಾಣಿಗೆ ಹೆಣ್ಣು ಕೂಸು ಹುಟ್ಟಿದೆ, ಹನ್ನೆರಡನೆಯ ದಿನ ಹೆಸರಿಡುವುದು, ಊಟಕ್ಕೆ ಬರಬೇಕು, ಸೀತಮ್ಮ ಒತ್ತಿ ಹೇಳಿದ್ದಾರೆ ಎಂದು. ಹೋಗುತ್ತೇನೆ, ಹೋಗಿ ನಾಲ್ಕು ಜನರ ಎದುರು ಇತ್ಯರ್ಥ ಮಾಡಿಯೇ ಬರುತ್ತೇನೆ ಎಂದು ಹೊರಟ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಪೋಣಿಸಿಕೊಂಡ.

ಅವನು ಹೋದಾಗ ಹೆಸರಿಡುವುದು ಮುಗಿದಿತ್ತು. ಬಾಣಂತಿ ಕೋಣೆಯ ಬಾಗಿಲಲ್ಲಿ ನೆಂಟರ ಗುಂಪು. ಚನ್ನಯ್ಯ ನಡುಮನೆಯ ಹೊಸ್ತಿಲಾಚೆ ನಿಂತ. ಅಲ್ಲಿಂದಲೂ ಆ ಬೋಳು ಚೌಕ ಅವನ ಕಣ್ಣಿಗೆ ಚುಚ್ಚಿತು. ಗುಂಪಿನ ಮುಂದೆ ಕೋಲೂರಿ ನಿಂತಿದ್ದವರು 'ಅಕ್ಕಾ' ಎಂದು ಮಾಸ್ತರರು ಕರೆಯುವ ಸುಬ್ಬಲಕ್ಷ್ಮಿ. ಮಾಸ್ತರರ ಒಡಹುಟ್ಟಿದ ಅಕ್ಕ, ಆ ಮನೆಯ ಹಿರಿಯ ಮಗಳು. ಅರವತ್ತು ದಾಟಿದ್ದರೂ ನಾಲಿಗೆ ಮೊಂಡಾಗಿರಲಿಲ್ಲ.

"ಎಂತ ಚಂದ ಇದು!" ಅವರು ಕೋಲೆತ್ತಿ ತೋರಿಸಿದರು. "ಎದುರಿನ ಗೋಡೆ ಬೋಳು ಬಿಟ್ಟು ಎಣ್ಣೆ ಗೋಡೆಗೆ ಬಣ್ಣ ಹಚ್ಚಿದ್ರಲ್ಲ! ಯಾರ ಲೆಕ್ಕ ಇದು? ಆ ಪೇಂಟರಂದಾ?"

ಎಲ್ಲರೂ ತಿರುಗಿ ಚನ್ನಯ್ಯನನ್ನು ನೋಡಿದರು. ಪೋಣಿಸಿಕೊಂಡು ಬಂದಿದ್ದ ಮಾತನ್ನು ಆಡುವುದಕ್ಕೆ ಅವನು ಒಂದು ಹೆಜ್ಜೆ ಮುಂದೆ ಬಂದ.

"ಅಲ್ಲ," ಎಂದರು ಮಾಸ್ತರರು. ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಚನ್ನಯ್ಯ ಹನ್ನೆರಡು ಕಿಲೋ ಹೇಳಿದ್ದ. ಆನು ಎಂಟು ತಂದೆ. ಬಾಣಂತಿ ಗೋಡೆಗೆ ಬಣ್ಣ ಬ್ಯಾಡ ಹೇಳಿ ಆನೇ ಕಳೆದಿದ್ದೆ. ತಪ್ಪಿದ್ದು ಎನ್ನ ಲೆಕ್ಕ."

ಯಾರೋ ನಕ್ಕರು. ಚನ್ನಯ್ಯ ನಗಲಿಲ್ಲ. ಅವನು ಸುಬ್ಬಲಕ್ಷ್ಮಿಯವರ ಕಡೆ ನೋಡುತ್ತಿದ್ದ. ಅವರು ಇನ್ನೇನು ಮೂದಲಿಸುತ್ತಾರೋ ಎಂದು ಮಾಸ್ತರರೂ ಕಾಯುತ್ತಿದ್ದರು. ಆದರೆ ಅವರು ಕೋಲೂರುತ್ತ ಮಂಚದ ಪಕ್ಕಕ್ಕೆ ಹೋದರು. ಎಡಗೋಡೆಯ ಮೇಲೆ ಅಂಗೈ ಇಟ್ಟು, ಮೆಲ್ಲಗೆ ಕೆಳಗೆ ಸವರಿದರು.

"ಎನ್ನ ಮೂರೂ ಬಾಣಂತನ ಇಲ್ಲೇ ಆಗಿದ್ದು," ಅಂದರು. ದನಿಯಲ್ಲಿ ಆಗಿನ ಜೋರು ಇರಲಿಲ್ಲ. ತಮ್ಮನ ಕಡೆ ತಿರುಗಿ ಕೇಳಿದರು, "ಎಂಗಕ್ಕೆಲ್ಲ ಬಣ್ಣ ಹಚ್ಚಿ ಕೊಡಲಾಗ್ತಿತ್ತಿಲ್ಯ, ತಮ್ಮಾ?"

ಸೀತಮ್ಮ ಸೆರಗು ಬಾಯಿಗೆ ಒತ್ತಿ ಹಿಡಿದರು. ಶ್ರೀವಾಣಿ ಕೂಸನ್ನು ಒಂದು ತೋಳಿಗೆ ತೆಗೆದುಕೊಂಡು, ಗೋಡೆಯ ಉದ್ದಕ್ಕೆ ಸ್ವಲ್ಪ ಸರಿದು ಜಾಗ ಮಾಡಿದಳು.

"ಬಾ ಅತ್ತೆ, ಇಲ್ಲಿ ಕೂತ್ಕ."

ಸುಬ್ಬಲಕ್ಷ್ಮಿ ಕೋಲು ಬದಿಗಿಟ್ಟು ಮಂಚದ ಮೇಲೆ ಕೂತರು. ಕಾಲು ನೀಡಿ, ತಿಳಿ ಹಳದಿ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿಕೊಂಡರು.